'ರೊನ್' ತೆಗೆದು 'ರ' ಹಾಕಿದೆ: ಸ್ಪ್ಯಾನಿಷ್ ಇಂಪರ್ಫೆಕ್ಟ್ ಸಬ್ಜಂಕ್ಟಿವ್ ನನ್ನ ಬಾಯಿಗೆ ಬಂದದ್ದು ಹೀಗೆ

ಇಂಪರ್ಫೆಕ್ಟ್ ಸಬ್ಜಂಕ್ಟಿವ್ ಅಂದರೆ ಹಿಂದಿನ ಆಸೆಗೂ ನಿಜವಲ್ಲದ ಊಹೆಗೂ ಬಳಸುವ ಕ್ರಿಯಾಪದ ರೂಪ. ಅದಕ್ಕೆ ಪಟ್ಟಿ ಬಾಯಿಪಾಠ ಬೇಡ, ಪ್ರಿಟೆರಿಟ್‌ನಿಂದಲೇ (ಮುಗಿದ ಭೂತಕಾಲದ ರೂಪ) ಹೊರಡಬಹುದು ಅಂದಾಗ ಜೊತೆಗೆ ಕಲಿಯುವವರು ಯಾರೂ ಒಪ್ಪಲಿಲ್ಲ. 'ಪ್ರೆಸೆಂಟ್ ಸಬ್ಜಂಕ್ಟಿವ್ (ಇದರ ವರ್ತಮಾನದ ಜೋಡಿ) ಗಟ್ಟಿಯಾಗಲಿ, ಆಮೇಲೆ ಇದಕ್ಕೆ ಕೈ ಹಾಕು' ಅಂದರು. ನಾನು ಕೇಳಲಿಲ್ಲ. ಈಗ ಮಾತಿನ ಮಧ್ಯೆ ತಡವರಿಸದೆ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಒಂದು ಆನ್‌ಲೈನ್ ಕೋರ್ಸ್, ಒಂದು ಆ್ಯಪ್‌ನ ವರ್ಷದ ಚಂದಾ, ಕೆಲವು ತಿಂಗಳ ಖಾಸಗಿ ಪಾಠ. ಎಲ್ಲಾ ಸೇರಿ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ ಹೋಗಿರಬೇಕು. ಕೋರ್ಸ್‌ನ ಬಿಟ್ಟ ಸ್ಥಳ ತುಂಬುವ ಅಭ್ಯಾಸದಲ್ಲಿ ಹತ್ತಕ್ಕೆ ಎಂಟೊಂಬತ್ತು ಸರಿ ಇರುತ್ತಿತ್ತು. ಬಾಯಿ ಬಿಟ್ಟರೆ ಒಂದೂ ಬರುತ್ತಿರಲಿಲ್ಲ. ಆ್ಯಪ್‌ನಲ್ಲಿ ನಾಲ್ಕು ಉತ್ತರ ಕಣ್ಣೆದುರೇ ಇರುತ್ತವೆ. ಆರಿಸುವುದು ಬೇರೆ, ನಾವೇ ಹುಟ್ಟಿಸುವುದು ಬೇರೆ ಅಲ್ವಾ? ಖಾಸಗಿ ಪಾಠದಲ್ಲಿ ಮತ್ತೆ ಅದೇ ಆರಾರು ರೂಪದ ಪಟ್ಟಿ.

ಎಲ್ಲಾ ನಿಲ್ಲಿಸಿ 'ಅವರು' ರೂಪದ ಪ್ರಿಟೆರಿಟ್ ಒಂದನ್ನೇ ಹಿಡಿದೆ. ಅಬ್ಲಾರೊನ್ (ಮಾತಾಡಿದರು), ಕೊಮಿಯೇರೊನ್ (ತಿಂದರು), ಬಿಬಿಯೇರೊನ್ (ಬದುಕಿದರು). ಕೊನೆಯ 'ರೊನ್' ಕಿತ್ತು 'ರ' ಹಾಕಿದರೆ ಅಬ್ಲಾರ, ಕೊಮಿಯೇರ, ಬಿಬಿಯೇರ. ಉಳಿದವಕ್ಕೆ ರಸ್ (ನೀನು), ರಮೊಸ್ (ನಾವು), ರನ್ (ಅವರು). ಲ್ಯಾಟಿನ್ ಅಮೆರಿಕದವರ ಜೊತೆ ಮಾತಾಡುವುದರಿಂದ ಸ್ಪೇನ್‌ನ 'ರೈಸ್' (ನೀವು) ನನಗೆ ಬೇಕಾಗಲಿಲ್ಲ. -ಎರ್, -ಇರ್ ಅಂತ ಕೊನೆಯಾಗುವ ಕ್ರಿಯಾಪದಗಳೆರಡಕ್ಕೂ ಒಂದೇ ಅಚ್ಚು. ಇದರ ನಿಜವಾದ ಲಾಭ ಆಮೇಲೆ ಗೊತ್ತಾಯಿತು: ತುಬಿಯೇರೊನ್, ದಿಹೇರೊನ್, ದುರ್ಮಿಯೇರೊನ್ ಥರದ ತಂಟೆಯವಕ್ಕೂ ಇದೇ ಕತ್ತರಿ ಸಾಕು. ತಪ್ಪಿಸಿಕೊಂಡ ಕ್ರಿಯಾಪದ ಒಂದೂ ಇಲ್ಲ.

ಜಾಸ್ತಿ ಕಾಡಿದ್ದು ಒತ್ತು, ಅಂದರೆ ದನಿ ಎಲ್ಲಿ ಬಲವಾಗಬೇಕು ಅನ್ನುವುದು. ಅಬ್ಲಾರ ಅಂದರೆ ಸಬ್ಜಂಕ್ಟಿವ್, ಅಬ್ಲರಾ ಅಂದರೆ ಭವಿಷ್ಯ. ರೋಮನ್ ಲಿಪಿಯಲ್ಲಿ ಒಂದು ಚಿಕ್ಕ ಗೆರೆಯಷ್ಟೇ ವ್ಯತ್ಯಾಸ, ಕಣ್ಣು ಅದನ್ನು ದಾಟಿ ಹೋಗುತ್ತದೆ. ಕನ್ನಡದಲ್ಲಿ ಬರೆದುಕೊಂಡು ಒತ್ತು ಬೀಳುವ ಕಡೆ ದೀರ್ಘ ಕೊಟ್ಟೆ. ಸ್ಪ್ಯಾನಿಷ್‌ನಲ್ಲಿ ದೀರ್ಘ ಅನ್ನುವುದೇ ಇಲ್ಲ, ಅದು ಬರೀ ನನ್ನ ಗುರುತು. ಅಬ್ಲಾರಮೊಸ್, ಕೊಮಿಯೇರಮೊಸ್ ಆ ವಾರವೇ ಸರಿಹೋದವು.

ಬಳಕೆಗೆ ಜೋಡಿ ವಾಕ್ಯಗಳು. 'ಕಿಯೇರೊ ಕೆ ಆಬ್ಲೆಸ್' ಅಂದ ಕೂಡಲೇ 'ಕೆರೀಯ ಕೆ ಅಬ್ಲಾರಸ್'. ನೀನು ಮಾತಾಡಲಿ ಅಂತ ಈಗ ಆಸೆ, ನೀನು ಮಾತಾಡಲಿ ಅಂತ ಆಗ ಆಸೆ. ನಮಗೆ 'ಮಾತಾಡಲಿ' ಹಾಗೇ ಉಳಿಯುತ್ತದೆ, ಅವರಿಗೆ ಅದೂ ಹಿಂದಕ್ಕೆ ಸರಿಯಬೇಕು. ಪ್ರೆಸೆಂಟ್ ಸಬ್ಜಂಕ್ಟಿವ್ ಕೂಡ ಈ ಜೋಡಿಯಲ್ಲೇ ಗಟ್ಟಿಯಾಯಿತು. ಇಂಥವು ನಲವತ್ತೋ ಐವತ್ತೋ ಮಾಡಿ, ನನ್ನ ದನಿಯಲ್ಲೇ ರೆಕಾರ್ಡ್ ಮಾಡಿ ನಡೆಯುವಾಗ ಕೇಳಿದೆ. ಅವನ್ನು ಜೋಡಿಸಿದ ಕ್ರಮ ಇಲ್ಲಿ ಹೇಳಲ್ಲ, ಅದು ನನ್ನ ಗಳಿಕೆ.

'ಸಿ' (ನಮ್ಮ 'ಓದಿದರೆ'ಯ 'ರೆ' ಥರ) ವಾಕ್ಯಕ್ಕೆ ಒಂದೇ ಸಾಕಾಯಿತು: 'ಸಿ ಎಸ್ತುದಿಯಾರ ಮಾಸ್, ಅಪ್ರೊಬರೀಯ', ಜಾಸ್ತಿ ಓದಿದರೆ ಪಾಸಾಗುತ್ತಿದ್ದೆ ಅಂತ. 'ಸಿ' ಪಕ್ಕದಲ್ಲಿ, ಫಲ ಹೇಳುವ ಆ '-ರೀಯ' ಕೂರಿಸಬಾರದು. ಸ್ಪೇನ್‌ನ ಉತ್ತರದ ಕೆಲವು ಕಡೆ ಹಾಗೆ ಆಡುವವರಿದ್ದಾರೆ, ಪರೀಕ್ಷೆಯಲ್ಲಿ ನಡೆಯಲ್ಲ. 'ಕೊಮೊ ಸಿ' (ಹಾಗೆ, ಅನ್ನುವಂತೆ) ಬಂದರೆ ಯೋಚನೆಯೇ ಬೇಡ: ಈಗಿನ ಮಾತಾದರೂ 'ಆಬ್ಲ ಕೊಮೊ ಸಿ ಬಿಬಿಯೇರ ಅಕೀ', ಇಲ್ಲೇ ಬದುಕುವವರ ಹಾಗೆ ಮಾತಾಡುತ್ತಾರೆ ಅಂತ.

ನಡುವೆ ಸುಮ್ನೆ ಅಬ್ಲಾಸೆ, ಕೊಮಿಯೇಸೆ ಅನ್ನುವ ಅದೇ ಅರ್ಥದ ಇನ್ನೊಂದು ಸಾಲನ್ನೂ ಒಂದೆರಡು ವಾರ ಆಡಿ ನೋಡಿದೆ. '-ರ', '-ಸೆ' ಎರಡೂ ಲ್ಯಾಟಿನ್‌ನಿಂದಲೇ ಬಂದವು, ಆದರೆ ಬೇರೆ ಬೇರೆ ರೂಪಗಳಿಂದ. ಲ್ಯಾಟಿನ್ ಅಮೆರಿಕದ ಮಾತಿನಲ್ಲಿ '-ಸೆ' ಅಪರೂಪ. ಓದುವಾಗ ಗುರುತು ಸಿಕ್ಕರೆ ಸಾಕು ಅಂತ ಬಿಟ್ಟೆ.

ಈಚೆಗೆ ಸಹಾಯಕ ಕ್ರಿಯಾಪದವಾದ ಉಬಿಯೇರೊನ್‌ಗೂ ಅದೇ ಕತ್ತರಿ ಹಾಕಿದೆ. 'ಸಿ ಉಬಿಯೇರ ಎಸ್ತುದಿಯಾದೊ', ಓದಿದ್ದಿದ್ದರೆ. ಒಂದು ಸಂಜೆಯ ಕೆಲಸವೂ ಆಗಲಿಲ್ಲ.