ಮುಂದಿನ ವಾಯಿದೆಗೆ ಎನ್ನುತ್ತಾ ಕಳೆದ ವರ್ಷಗಳು

ಹದಿನೆಂಟು ವರ್ಷ ವಕೀಲಿ ಮಾಡಿದವನಿಗೆ ತನ್ನ ಪರವಾಗಿ ವಾದ ಹೂಡುವುದು ಎಷ್ಟರ ಕಷ್ಟ? ಬೆಳಗ್ಗೆ ಕೈ ನಡುಗಿದರೆ ನಿದ್ದೆಗೆಟ್ಟದ್ದಕ್ಕೆ, ಹೆಂಡತಿ ಮಾತು ಕಡಿಮೆ ಮಾಡಿದರೆ ಅವಳ ಕೆಲಸದ ಒತ್ತಡಕ್ಕೆ, ಮೇಲ್ಮನವಿಯ ಗಡುವು ತಪ್ಪಿದರೆ ಗುಮಾಸ್ತನ ಅಜಾಗರೂಕತೆಗೆ. ಪ್ರತಿ ಆರೋಪಕ್ಕೂ ನನ್ನಲ್ಲಿ ಸಿದ್ಧ ಉತ್ತರವಿತ್ತು. ಆರೋಪಿ, ವಕೀಲ, ನ್ಯಾಯಾಧೀಶ ಮೂವರೂ ನಾನೇ ಆಗಿದ್ದರಿಂದ ಶಿಕ್ಷೆಯ ಮಾತೇ ಇಲ್ಲ. ಹೆಚ್ಚೆಂದರೆ ಇನ್ನೊಂದು ವಾಯಿದೆ. ಈ ವಿಚಾರಣೆ ಮುಗಿಯಲಿ, ಕುಡಿಯುವುದನ್ನು ಬಿಡುತ್ತೇನೆ ಎನ್ನುತ್ತಿದ್ದೆ. ಒಂದು ಮುಗಿಯುವಷ್ಟರಲ್ಲಿ ಎರಡು ಶುರುವಾಗುವ ವೃತ್ತಿ ಇದು.

ಒಂದು ದಿನ ಪಾಟೀಸವಾಲಿನಲ್ಲಿ ಒಂದೇ ಪ್ರಶ್ನೆಯನ್ನು ಎರಡು ಬಾರಿ ಕೇಳಿದೆ. ‘ಆಗಲೇ ಉತ್ತರ ಹೇಳಿದೆನಲ್ಲ ಸ್ವಾಮಿ’ ಎಂದ ಸಾಕ್ಷಿ. ಎದುರು ಪಕ್ಷದ ವಕೀಲ ನನ್ನ ಸಹಪಾಠಿ. ಅವನು ಆಕ್ಷೇಪಣೆ ಎತ್ತಲಿಲ್ಲ, ತಲೆ ತಗ್ಗಿಸಿ ಕಾಗದ ತಿರುವಿದ. ಅವನ ಆ ಕರುಣೆ ನನ್ನನ್ನು ಚುಚ್ಚಿತು. ಸಂಜೆ ಅವನು ಒಂದು ಹಾಳೆ ತಂದುಕೊಟ್ಟ: ಕುಡಿತದ ಮಟ್ಟ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಪ್ರಶ್ನಾವಳಿ. ಹತ್ತು ಪ್ರಶ್ನೆ, ಒಟ್ಟು 40 ಅಂಕ. 8 ಅಥವಾ ಹೆಚ್ಚು ಬಂದರೆ ಕುಡಿತ ಅಪಾಯದ ಕಡೆಗೆ ಹೊರಳಿದೆ ಎಂದರ್ಥ. ನನಗೆ 27 ಬಂತು. ಕುಡಿತದಿಂದಾಗಿ ನಿಮ್ಮಿಂದ ನಿರೀಕ್ಷಿತವಾದ ಕೆಲಸ ತಪ್ಪಿದೆಯೇ ಎಂಬ ಐದನೆಯ ಪ್ರಶ್ನೆಯ ಅಂಚಿನಲ್ಲಿ ‘ನಿರೀಕ್ಷಿಸಿದವರು ಯಾರು? ಪ್ರಶ್ನೆ ಅಸ್ಪಷ್ಟ’ ಎಂದು ಬರೆದಿಟ್ಟೆ. ಆ ಹಾಳೆ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ.

ಅಮೆರಿಕದ ವಕೀಲರ ಬಗ್ಗೆ 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದನ್ನೂ ಅವನೇ ತೋರಿಸಿದ. ಸುಮಾರು 13 ಸಾವಿರ ಮಂದಿಯಲ್ಲಿ ಶೇ 20.6ರಷ್ಟು ಜನರ ಕುಡಿತ ಸಮಸ್ಯೆಯ ಮಟ್ಟದ್ದು. ಐವರಲ್ಲಿ ಒಬ್ಬ! ಅದನ್ನೂ ನನ್ನ ಪರವಾದ ದಾಖಲೆಯಾಗಿ ಬಳಸಿಕೊಂಡೆ. ನೆರವು ಕೇಳಲು ವಕೀಲರಿಗಿದ್ದ ದೊಡ್ಡ ಅಡ್ಡಿ, ಬೇರೆಯವರಿಗೆ ತಿಳಿದೀತೆಂಬ ಭಯ ಎಂಬ ಸಾಲನ್ನು ಮಾತ್ರ ಎದುರಿಸಲಾಗಲಿಲ್ಲ.

ಮೊದಲು ಮಾಡಿದ್ದು ಶುದ್ಧ ಮೂರ್ಖತನ. ಶುಕ್ರವಾರ ರಾತ್ರಿ ಬಾಟಲಿ ಬರಿದು ಮಾಡಿ, ಯಾರಿಗೂ ಹೇಳದೆ ನಿಲ್ಲಿಸಿದೆ. ಶನಿವಾರ ಬೆವರು, ನಡುಕ. ಭಾನುವಾರ ಗೋಡೆಯ ಮೇಲೆ ಏನೋ ಹರಿದಾಡಿದಂತೆ ಕಂಡಿತು. ವರ್ಷಗಟ್ಟಲೆ ದಿನವೂ ಕುಡಿದವನು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡು ಮೂರನೆಯ ದಿನ ಸನ್ನಿ ಹಿಡಿದು ಜೀವಕ್ಕೇ ಕುತ್ತಾಗಬಹುದು ಎಂದು ಆಸ್ಪತ್ರೆಯಲ್ಲಿ ವೈದ್ಯರು ಗದರಿಸಿದಾಗಲೇ ಗೊತ್ತಾದದ್ದು. ದಿನದಿನಕ್ಕೂ ಇಳಿಸುತ್ತಾ ಹೋಗುವ ಮಾತ್ರೆ, ಥಯಾಮಿನ್ ಎಂಬ ಬಿ1 ವಿಟಮಿನ್‌ನ ಚುಚ್ಚುಮದ್ದು, ಒಂದು ವಾರದ ನಿದ್ದೆ. ಬಿಡಬೇಕೆನ್ನುವವರು ನನ್ನ ಹಾಗೆ ಶೂರತನ ತೋರಿಸದೆ ಮೊದಲು ವೈದ್ಯರ ಬಳಿ ಹೋಗಲಿ.

ಆ ವಾರ ನನ್ನ ಪ್ರಕರಣಗಳನ್ನು ಸಹಪಾಠಿಯ ಹೊಣೆಗೆ ಒಪ್ಪಿಸಿದ್ದೆ. ನಾವಿಬ್ಬರೂ ಎದುರುಬದುರಾಗಿದ್ದ ಆ ಒಂದು ಪ್ರಕರಣ ಮಾತ್ರ ಇನ್ನೊಬ್ಬರಿಗೆ. ಕಡತ, ಮುಂದಿನ ದಿನಾಂಕ, ಬಾಕಿ ಕೆಲಸ ಎಂದು ಪಟ್ಟಿ ಮಾಡುವಾಗ ನನ್ನ ಅವಸ್ಥೆ ಕಣ್ಣಿಗೆ ಕಟ್ಟಿತು: ಹನ್ನೊಂದು ಕಡತಗಳಲ್ಲಿ ಮುಂದೇನು ಮಾಡಬೇಕೆಂದು ನನಗೇ ಗೊತ್ತಿರಲಿಲ್ಲ. ಕಕ್ಷಿದಾರರ ಹಣದ ಲೆಕ್ಕವನ್ನೂ ಅವನಿಂದಲೇ ಪರಿಶೀಲನೆ ಮಾಡಿಸಿದೆ. ತಪ್ಪೇನೂ ಸಿಗಲಿಲ್ಲ. ಇನ್ನೊಂದು ವರ್ಷ ಕಳೆದಿದ್ದರೆ ಸಿಗುತ್ತಿರಲಿಲ್ಲ ಎಂದು ಪ್ರಮಾಣ ಮಾಡಲಾರೆ. ಕಕ್ಷಿದಾರರಿಗೆ ‘ಅನಾರೋಗ್ಯ’ ಎಂದೆವು, ಅದು ಸತ್ಯವೇ.

ಕುಡಿತ ಬಿಟ್ಟವರ ಗುಂಪಿಗೂ ಹೋದೆ. ಮೂರು ವಾರ ಬಾಯಿ ಬಿಡದೆ ಪ್ರತಿಯೊಬ್ಬರ ಹೇಳಿಕೆಯಲ್ಲೂ ವಿರೋಧಾಭಾಸ ಹುಡುಕುತ್ತಾ ಕುಳಿತೆ. ಊರವರ ಗುಟ್ಟು ಕಾಪಾಡಿಯೇ ಹೊಟ್ಟೆ ಹೊರೆದವನಿಗೆ ತನ್ನ ಗುಟ್ಟು ಹೇಳುವ ಭಾಷೆಯೇ ಇರಲಿಲ್ಲ. ನಾಲ್ಕನೆಯ ವಾರ ವಾದ ಬಿಟ್ಟು ದಿನಾಂಕಗಳನ್ನಷ್ಟೇ ಹೇಳಿದೆ: ಯಾವ ದಿನ ಕುಡಿದು ಕೋರ್ಟಿಗೆ ಹೋದೆ, ಯಾವ ದಿನ ಮಗಳ ಕಾರ್ಯಕ್ರಮ ಮರೆತೆ. ದಿನಾಂಕ ಹೇಳುವುದು ನನಗೆ ಬರುತ್ತಿತ್ತು.

ಮನೆಗೆ ಬಂದ ಮೇಲಿನ ಏಳರಿಂದ ಒಂಬತ್ತು ಗಂಟೆ ಬಹಳ ಕಾಡುತ್ತಿತ್ತು. ಲಿವರ್ ಪರೀಕ್ಷೆ ಮಾಡಿಸಿ ವೈದ್ಯರು ಕುಡಿಯುವ ಹಂಬಲ ತಗ್ಗಿಸುವ ನಾಲ್ಟ್ರೆಕ್ಸೋನ್ ಎಂಬ ಔಷಧ ಕೊಟ್ಟರು. ಹಂಬಲದ ಮೊನೆ ಮೊಂಡಾಯಿತು, ಹಂಬಲ ಹೋಗಲಿಲ್ಲ. ಕಕ್ಷಿದಾರರ ಭೇಟಿಗಳನ್ನು ಆ ಹೊತ್ತಿಗೇ ತಳ್ಳಿದೆ.

ಸೋತ ದಿನ ಎಚ್ಚರವಾಗಿರಬೇಕೆಂದು ಎಲ್ಲರೂ ಹೇಳಿದ್ದರು. ನಾನು ಜಾರಿದ್ದು ಗೆದ್ದ ದಿನ. ಐದು ತಿಂಗಳು ಮುಗಿದಿತ್ತು, ದೊಡ್ಡ ತೀರ್ಪು ನಮ್ಮ ಪರವಾಗಿತ್ತು, ಯಾರೋ ಲೋಟ ಕೈಗಿತ್ತರು. ಮರುದಿನ ಬೆಳಗ್ಗೆ ಸಹಪಾಠಿಗೆ ಫೋನು ಮಾಡಿದಾಗ ಅವನು ಕೇಳಿದ್ದು ಒಂದೇ: ‘ಇವತ್ತಿನ ಕಡತ ಯಾವುದು?’

ಅದಾಗಿ ನಾಲ್ಕು ವರ್ಷ. ತೀರ್ಪಿನ ದಿನ, ಫಲಿತಾಂಶ ಏನೇ ಇರಲಿ, ನ್ಯಾಯಾಲಯದ ಮೆಟ್ಟಿಲ ಮೇಲೆ ನಿಂತು ಮೊದಲ ಫೋನು ಅವನಿಗೆ ಮಾಡುತ್ತೇನೆ. ಕಕ್ಷಿದಾರನಿಗೆ ಎರಡನೆಯದು.