ನಿಂತರೆ ಬಿಸಿ, ಓಡಿದರೆ ತಂಪು

ರಿಪೇರಿ ಆದ ಮೇಲೂ ಎಸಿ ತಂಪಾಗುತ್ತಿಲ್ಲ ಅಂತ ಗಾಡಿ ಬಂದರೆ ನಾನು ಮೊದಲು ಗ್ಯಾಸಿನ ಒತ್ತಡ ನೋಡುವ ಗೇಜ್ ಹಚ್ಚುವುದಿಲ್ಲ. ಏನು ಬಿಚ್ಚಿದ್ದರು, ಏನು ಬದಲಿಸಿದರು ಅಂತ ಕೇಳುತ್ತೇನೆ. ಮುಂಚೆ ಇಲ್ಲದ ತೊಂದರೆ ರಿಪೇರಿ ಆದ ಮೇಲೆ ಬಂದಿದ್ದರೆ, ಅದು ಕೈ ಆಡಿದ ಜಾಗದಲ್ಲೇ ಇರುವುದು ಜಾಸ್ತಿ. ಆದರೆ ನಮ್ಮ ಕಡೆ ಎಲ್ಲದಕ್ಕೂ ಒಂದೇ ಮದ್ದು: ‘ಗ್ಯಾಸ್ ಕಡಿಮೆ ಆಗಿರಬೇಕು, ಸ್ವಲ್ಪ ಹಾಕಿ ನೋಡೋಣ.’

ವಿಜಯಪುರದ ಏಪ್ರಿಲ್ ಬಿಸಿಲು ಗೊತ್ತಲ್ವಾ, 40 ಡಿಗ್ರಿ ದೊಡ್ಡ ಮಾತಲ್ಲ. ಅಂಥ ದಿನಗಳಲ್ಲಿ ಬಾಡಿಗೆ ಕಾರು ಓಡಿಸುವ ಒಬ್ಬರು ಗಾಡಿ ತಂದರು. ಮುಂದೆ ಸಣ್ಣ ಪೆಟ್ಟಾಗಿತ್ತು. ಬೇರೊಂದು ಗ್ಯಾರೇಜಿನಲ್ಲಿ ಕಂಡೆನ್ಸರ್ (ಎಸಿಯ ಬಿಸಿ ಹೊರಗೆ ಬಿಡುವ ಮುಂದಿನ ಜಾಲರಿ) ಮತ್ತು ಅದರ ಫ್ಯಾನ್ ಬದಲಿಸಿದ್ದರು.

“ಸೊಲ್ಲಾಪುರ ತನಕ ಥಂಡ ಬರ್ತದ್ರಿ ಅಣ್ಣಾರ. ಗಾಂಧಿ ಚೌಕದಾಗ ಬಂದು ನಿಂತ್ರ ಸಾಕು, ಬಿಸಿ ಗಾಳಿ. ಗ್ಯಾಸ್ ಬ್ಯಾರೆ ಮತ್ತ ಹಾಕ್ಸೀನ್ರಿ.”

ಅರ್ಧ ಉತ್ತರ ಅವರ ಮಾತಿನಲ್ಲೇ ಇತ್ತು. ಗಾಡಿ ಓಡುವಾಗ ಎದುರಿನ ಗಾಳಿಯೇ ಕಂಡೆನ್ಸರ್ ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಓಡುವಾಗ ತಂಪು, ನಿಂತಾಗ ಬಿಸಿ ಅಂದರೆ ಮೊದಲ ಅನುಮಾನ ಫ್ಯಾನ್ ಮೇಲೆ.

ಗೇಜ್ ಹಚ್ಚಿ ನೋಡಿದೆ. ಐಡಲ್‌ನಲ್ಲಿ, ಅಂದರೆ ನಿಂತಲ್ಲೇ ಇಂಜಿನ್ ಓಡುವಾಗ, ಲೋ ಸೈಡ್ (ಕಂಪ್ರೆಸರ್ ಗ್ಯಾಸ್ ಎಳೆಯುವ ಕಡೆ) ಒತ್ತಡ 60 ಪಿಎಸ್‌ಐ, ಹೈ ಸೈಡ್ (ಅದು ಒತ್ತಿ ಕಂಡೆನ್ಸರಿಗೆ ಕಳಿಸುವ ಕಡೆ) 330 ದಾಟಿ ಏರುತ್ತಲೇ ಇತ್ತು. ಕಂಡೆನ್ಸರ್ ಮೇಲೆ ಒಂದು ಚಂಬು ನೀರು ಸುರಿದೆ. ಹೈ ಸೈಡ್ ಮುಳ್ಳು ಸರ್ರನೆ ಇಳಿಯಿತು, ಒಳಗೆ ತಂಪು ಬಂತು. ಅಲ್ಲಿಗೆ ಕಂಪ್ರೆಸರ್ ಮೇಲಿನ ಅನುಮಾನ ಹೋಯಿತು. ಬಿಸಿ ಹೊರಗೆ ಹೋಗುತ್ತಿಲ್ಲ, ಅಷ್ಟೇ.

ಫ್ಯಾನ್ ಮಾತ್ರ ಚೆನ್ನಾಗಿ ತಿರುಗುತ್ತಿತ್ತು. ಇಲ್ಲೇ ಕಣ್ಣು ಮೋಸ ಹೋಗುತ್ತದೆ. ಈ ಗಾಡಿಯಲ್ಲಿ ರೇಡಿಯೇಟರ್ ಹಿಂದೆ ಅಕ್ಕಪಕ್ಕ ಎರಡು ಫ್ಯಾನ್. ಎರಡೂ ಮುಂದಿನಿಂದ ಗಾಳಿ ಎಳೆಯಬೇಕು. ಕಂಡೆನ್ಸರ್ ಮುಂದೆ ನ್ಯೂಸ್ ಪೇಪರಿನ ಹಾಳೆ ಹಿಡಿದೆ. ಹಳೆ ಫ್ಯಾನ್ ಇದ್ದ ಕಡೆ ಹಾಳೆ ಗಪ್ಪನೆ ಅಂಟಿತು. ಹೊಸ ಫ್ಯಾನ್ ಕಡೆ ಹಾರಿ ನನ್ನ ಎದೆಗೆ ಬಂತು. ಹೊಸ ಮೋಟರಿನ ಸಾಕೆಟ್ ಹೊಂದದೆ ವೈರ್ ಕತ್ತರಿಸಿ ಜೋಡಿಸಿದ್ದರು, ಪ್ಲಸ್ ಮೈನಸ್ ಅದಲುಬದಲಾಗಿತ್ತು. ಡಿಸಿ ಮೋಟರ್ ಅಲ್ವಾ, ಉಲ್ಟಾ ಕೊಟ್ಟರೆ ಉಲ್ಟಾ ತಿರುಗುತ್ತದೆ. ಒಂದು ಫ್ಯಾನ್ ಎಳೆದ ಗಾಳಿಯನ್ನು ಇನ್ನೊಂದು ಮುಂದಕ್ಕೆ ತಳ್ಳುತ್ತಿತ್ತು, ಅದೇ ಬಿಸಿ ಗಾಳಿ ಮತ್ತೆ ಒಳಗೆ. ವೈರ್ ಸರಿಮಾಡಿ ಸೋಲ್ಡರ್ ಹಾಕಿ ಸ್ಲೀವ್ ಏರಿಸಿದೆ.

ಹೈ ಸೈಡ್ 290ಕ್ಕೆ ಇಳಿಯಿತು. ಗಾಡಿಯವರಿಗೆ ಖುಷಿ, “ಸಾಕ್ ಬಿಡ್ರಿ” ಅಂದರು. ನನಗೆ ಸಾಕೆನಿಸಲಿಲ್ಲ. ಗ್ಯಾಸ್ ಮೇಲಿಂದ ಮೇಲೆ ತುಂಬಿಸಿದ್ದರಲ್ಲ, ಜಾಸ್ತಿ ಆಗಿದೆಯೋ, ಗಾಳಿ ಸೇರಿದೆಯೋ ನೋಡಬೇಕಿತ್ತು. ರಾತ್ರಿ ಶೆಡ್ಡಿನಲ್ಲೇ ಬಿಡಿ ಅಂದೆ.

ಇದು ನಾನು ತುಂಬಾ ನಂಬುವ ಪರೀಕ್ಷೆ, ಖರ್ಚೂ ಇಲ್ಲ. ಬೆಳಿಗ್ಗೆ ಇಂಜಿನ್ ಹಚ್ಚುವ ಮೊದಲು, ಗಾಡಿ ಪೂರ್ತಿ ತಣ್ಣಗಿರುವಾಗ ಗೇಜ್ ನೋಡಬೇಕು. ಈ ಎಸಿಯಲ್ಲಿರುವ ಆರ್-134ಎ ಗ್ಯಾಸ್ ದ್ರವವಾಗಿ ಸ್ವಲ್ಪ ಉಳಿದಿದ್ದರೂ ಸಾಕು, ಅದರ ಒತ್ತಡ ಶಾಖದ ಪ್ರಕಾರವೇ ಇರುತ್ತದೆ. ಗ್ಯಾಸ್ 300 ಗ್ರಾಂ ಇರಲಿ 500 ಇರಲಿ, 28 ಡಿಗ್ರಿಗೆ ಸುಮಾರು 90 ಪಿಎಸ್‌ಐ. ಅದಕ್ಕೇ ನಿಂತ ಗಾಡಿಯ ಗೇಜ್ ನೋಡಿ ‘ಗ್ಯಾಸ್ ಫುಲ್ ಐತಿ’ ಅನ್ನುವವರ ಮಾತು ಸುಮ್ನೆ. ಆದರೆ ಅಷ್ಟಕ್ಕಿಂತ ಜಾಸ್ತಿ ತೋರಿಸಿದರೆ ಒಳಗೆ ಈ ಗ್ಯಾಸ್ ಅಲ್ಲದ್ದು ಏನೋ ಇದೆ. ಅವತ್ತು ಶೆಡ್ಡಿನಲ್ಲಿ 28 ಡಿಗ್ರಿ ಇತ್ತು, ಗೇಜ್ 110 ತೋರಿಸಿತು. ಡಬ್ಬಿಯಿಂದ ಟಾಪ್ ಅಪ್ ಮಾಡುವಾಗ ಪೈಪಿನೊಳಗಿನ ಗಾಳಿ ಬಿಡದೆ ಹಾಕಿದರೆ ಹೀಗಾಗುತ್ತದೆ. ಗಾಳಿ ಕಂಡೆನ್ಸರಿನಲ್ಲಿ ದ್ರವವಾಗುವುದಿಲ್ಲ, ಜಾಗ ಹಿಡಿದು ಕೂರುತ್ತದೆ.

ಗ್ಯಾಸ್ ಹೀರಿ ಹಿಡಿದಿಡುವ ರಿಕವರಿ ಮೆಷಿನ್ ಹಚ್ಚಿ ಗ್ಯಾಸ್ ತೆಗೆದೆ. ಬಾನೆಟ್ ಸ್ಟಿಕ್ಕರ್‌ನಲ್ಲಿ 400 ಗ್ರಾಂ, ಹೊರಬಂದದ್ದು 520. ಅಂದರೆ ಎರಡೂ ಅನುಮಾನ ನಿಜ. ಈ ಗ್ಯಾಸನ್ನು ಹೊರಗೆ ಬಿಡಬೇಡಿ. ಭೂಮಿ ಬಿಸಿ ಮಾಡುವುದರಲ್ಲಿ ಇದು ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಮೇಲೆ.

ನಂತರ ಅರ್ಧ ಗಂಟೆ ವ್ಯಾಕ್ಯೂಮ್, ಅಂದರೆ ಪಂಪ್ ಹಚ್ಚಿ ಒಳಗಿನ ಗಾಳಿ ಎಳೆಯುವುದು. ಮುಳ್ಳು 28 ಇಂಚಿನ (ಪಾದರಸದ ಲೆಕ್ಕ) ಹತ್ತಿರ ನಿಂತಿತು. ಪುಸ್ತಕದಲ್ಲಿ 29 ಅಂತ ಓದಿದ ಹುಡುಗರು ಪಂಪ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ನಮ್ಮೂರು ಸಮುದ್ರ ಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರ. ಇಲ್ಲಿನ ಗಾಳಿಯ ಒತ್ತಡವೇ ಅಷ್ಟು. ಪಂಪ್ ಬಂದ್ ಮಾಡಿದ ಮೇಲೆ ಮುಳ್ಳು ಅಲ್ಲೇ ನಿಂತಿದೆಯೇ ಅನ್ನುವುದು ಮುಖ್ಯ. ನಿಂತಿತ್ತು.

ತೂಕ ಮಾಡಿ 400 ಗ್ರಾಂ ಹಾಕಿದೆ. ಮಧ್ಯಾಹ್ನ ಹೊರಗೆ 39 ಡಿಗ್ರಿ ಇದ್ದಾಗ, 1500 ಆರ್‌ಪಿಎಂನಲ್ಲಿ ಲೋ 38, ಹೈ 240. ರಿಸರ್ಕ್ಯುಲೇಷನ್ (ಒಳಗಿನ ಗಾಳಿಯನ್ನೇ ಮತ್ತೆ ತಿರುಗಿಸುವುದು) ಹಾಕಿ, ಗಾಳಿ ಬರುವ ವೆಂಟಿನಲ್ಲಿ ಥರ್ಮಾಮೀಟರ್ ಇಟ್ಟೆ, 10 ಡಿಗ್ರಿ. ಐಡಲ್‌ಗೆ ಇಳಿಸಿದರೂ ಹೆಚ್ಚು ಏರಲಿಲ್ಲ.

ಗೇಜ್ ಹಚ್ಚುವ ಸರ್ವಿಸ್ ಪೋರ್ಟಿನ ಮುಚ್ಚಳ ಎರಡೂ ಇರಲಿಲ್ಲ. ಒಳಗಿನ ವಾಲ್ವ್ ಸಣ್ಣಗೆ ಲೀಕ್ ಆದರೂ ತಡೆಯುವುದು ಅವೇ. ಸೋಪಿನ ನೀರು ಹಚ್ಚಿ ನೋಡಿದೆ, ಗುಳ್ಳೆ ಬರಲಿಲ್ಲ. ಹೊಸ ಮುಚ್ಚಳ ಬಿಗಿದು ಗಾಡಿ ಕೊಟ್ಟೆ. ಬಿಲ್ಲಿನಲ್ಲಿ ಕಂಪ್ರೆಸರ್ ಇಲ್ಲದ್ದು ನೋಡಿ ಅವರು ಇನ್ನೊಮ್ಮೆ ಓದಿದರು.