ಮುಚ್ಚುವುದಕ್ಕೂ 53 ಜನ ಬೇಕು

2023ರ ಆಗಸ್ಟ್‌ನಲ್ಲಿ ನಮ್ಮ ಚಾರಣ ಬಳಗದ ವಾರ್ಷಿಕ ಸಭೆಗೆ 9 ಜನ ಬಂದಿದ್ದರು. ಹೊರಗೆ ಶಿವಮೊಗ್ಗದ ಆಶ್ಲೇಷಾ ಮಳೆ. ಒಂಬತ್ತರಲ್ಲಿ ಒಬ್ಬರು ಮಗಳ ಮದುವೆಯ ಕಾಗದ ಹಂಚುವುದಕ್ಕೆ ಬಂದವರು, ಇನ್ನೊಬ್ಬರು ತಾವು ಕೊಟ್ಟಿದ್ದ ಗ್ಯಾಸ್ ಒಲೆ ವಾಪಸು ಕೇಳುವುದಕ್ಕೆ. ಕೋರಂ ಇಲ್ಲವೆಂದು ನಿಯಮದ ಪ್ರಕಾರ ಅರ್ಧ ಗಂಟೆ ಕಾದು, ಅದೇ ಒಂಬತ್ತು ಜನ ಮತ್ತೆ ಸಭೆ ಸೇರಿದೆವು. ಅಧ್ಯಕ್ಷರು ನಿವೃತ್ತ ಅರಣ್ಯಾಧಿಕಾರಿ. ನಮಗೆಲ್ಲ ಯಾವತ್ತಿಗೂ ರೇಂಜರ್ ಸರ್. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಮೇಡಂ, ಇದನ್ನ ಮುಚ್ಚಿಬಿಡೋಣ. ಮುಚ್ಚೋಕೆ ಆಗೋವಾಗಲೇ ಮುಚ್ಚಬೇಕು" ಅಂದರು.

ಕಾರ್ಯದರ್ಶಿಯಾಗಿ 14 ವರ್ಷ ಲೆಕ್ಕ ಬರೆದವಳು ನಾನು. ಆ ಮಾತಿನ ಎರಡನೇ ಅರ್ಧ ನನಗೆ ಆಗ ಅರ್ಥವಾಗಲಿಲ್ಲ. ಮುಚ್ಚುವುದಕ್ಕೆ ಏನು ಮಹಾ? ಬೀಗ ಹಾಕಿದರಾಯಿತು ಅಂದುಕೊಂಡಿದ್ದೆ.

ಬಳಗ ಶುರುವಾದದ್ದು 2001ರಲ್ಲಿ. ಕಾಲೇಜಿನ ಸ್ಟಾಫ್ ರೂಮಿನ ನಾಲ್ಕು ಜನ ಉಪನ್ಯಾಸಕರು, ಒಬ್ಬ ಫೋಟೊ ಸ್ಟುಡಿಯೊದವನು, ಒಬ್ಬ ಔಷಧಿ ಅಂಗಡಿಯವನು. ಮೊದಲ ನಡಿಗೆ ನಿಟ್ಟೂರಿನ ಕಡೆಯಿಂದ ಹಿಡ್ಲುಮನೆ ಜಲಪಾತ ಹತ್ತಿ ಕೊಡಚಾದ್ರಿಗೆ. 1343 ಮೀಟರ್ ಎತ್ತರದ ಬೆಟ್ಟ ಅದು, ಜೀಪಿನಲ್ಲಿ ಹೋದವರಿಗೆ ಸೊಂಟ ನೋವು, ನಡೆದು ಹೋದವರಿಗೆ ಮಂಡಿ ನೋವು. ಆಗ ಹೆಂಗಸರು ನಾನೊಬ್ಬಳೇ. ಮನೆಯಲ್ಲಿ ಕೊಲ್ಲೂರಿಗೆ ಹೋಗಿಬರುತ್ತೇನೆ ಅಂತ ಹೇಳಿದ್ದೆ, ಅದು ಸುಳ್ಳಲ್ಲ, ಇಳಿದದ್ದು ಆ ಕಡೆಗೇ. 2003ರಲ್ಲಿ ಸಕಲೇಶಪುರದಿಂದ ಎಡಕುಮೇರಿವರೆಗೆ ಹಳಿಯ ಮೇಲೆ ನಡೆದೆವು. ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕುವ ಕೆಲಸ ಆಗ ನಡೆದಿತ್ತು, ರೈಲಿರಲಿಲ್ಲ. ಆ ಘಟ್ಟದಲ್ಲಿ 57 ಸುರಂಗ. ಈಗ ಅಲ್ಲಿ ರೈಲು ಓಡುತ್ತದೆ, ಹಳಿಯ ಮೇಲೆ ನಡೆದರೆ ಕೇಸು.

2004ರಲ್ಲಿ ಸಂಘ ನೋಂದಣಿ ಮಾಡಿಸಿದೆವು. ಅದಕ್ಕೆ ಕಾರಣ ಇತ್ತು. ಆಗುಂಬೆ, ಕಿಗ್ಗ, ಕುದುರೆಮುಖದ ಕಡೆ ನಕ್ಸಲ್ ಓಡಾಟದ ಕಾಲ. ಹೆಗಲಿಗೆ ಚೀಲ ಹಾಕಿಕೊಂಡು ಹತ್ತು ಜನ ಕಾಡಿಗೆ ಹೊರಟರೆ ನಾವು ಯಾರು ಎಂದು ತೋರಿಸಲು ಕೈಯಲ್ಲಿ ಒಂದು ಕಾಗದ ಬೇಕಿತ್ತು. ಠಾಣೆಯಲ್ಲಿ ಹೆಸರು ಬರೆಸಿ ಹೋಗುತ್ತಿದ್ದೆವು. ಸಂಘದ ಮುದ್ರೆ ಇದ್ದ ಪತ್ರಕ್ಕೆ ಬೆಲೆ ಇತ್ತು.

ಆಮೇಲಿನ ಹತ್ತು ವರ್ಷ ಚೆನ್ನಾಗಿತ್ತು, ಅದನ್ನು ವಿವರಿಸುವುದು ಬೇಡ. ಚೆನ್ನಾಗಿದ್ದ ದಿನಗಳ ಕಥೆ ಕೇಳುವವರಿಗೆ ಎಲ್ಲಾ ಒಂದೇ ಥರ. ಇಳಿಜಾರು ಶುರುವಾದದ್ದು ಯಾವಾಗ ಅಂತ ಮಾತ್ರ ಹೇಳಬಲ್ಲೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ಸತ್ತರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದೇ ತಿಂಗಳ ಕೊನೆಗೆ ನಾನು 38 ಮಕ್ಕಳನ್ನು ಒಣಹುಲ್ಲಿನ ಬೆಟ್ಟಕ್ಕೆ ಕರೆದುಕೊಂಡು ಹೋಗುವ ಪಟ್ಟಿಗೆ ಸಹಿ ಹಾಕಿ ಇಟ್ಟಿದ್ದೆ. ಆ ನಡಿಗೆ ರದ್ದು ಮಾಡಿದೆ. ಮರುವರ್ಷ ಹಿಡ್ಲುಮನೆಯ ಹತ್ತಿರ ಒಬ್ಬ ಹುಡುಗ ದಾರಿ ತಪ್ಪಿ ನಾಲ್ಕು ಗಂಟೆ ಸಿಗಲಿಲ್ಲ. ಸಿಕ್ಕಾಗ ಅವನು ಬಂಡೆಯ ಮೇಲೆ ಕೂತು ಇಂಬಳ ಕೀಳುತ್ತಿದ್ದ, ನಗುತ್ತಲೇ ಇದ್ದ. ಅವನ ತಂದೆಗೆ ಫೋನ್ ಮಾಡಿದ ನನ್ನ ಕೈ ಮಾತ್ರ ಸಂಜೆವರೆಗೆ ನಡುಗುತ್ತಿತ್ತು. ಮುಂದೆ ಕೊರೋನಾ ಬಂತು. ಅದು ಮುಗಿಯುವಷ್ಟರಲ್ಲಿ ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ಮನೆಗೆ ತಂದು ಬಿಡುವ ಟೆಂಪೊ ಟ್ರಾವೆಲರ್‌ಗಳು ನಮ್ಮೂರಿನ ಬೆಟ್ಟಗಳನ್ನೆಲ್ಲ ಹಿಡಿದಿದ್ದವು. ನಮ್ಮ ಹುಡುಗರೂ ದುಡ್ಡು ಕೊಟ್ಟು ಅದರಲ್ಲೇ ಹೋದರು. ತಪ್ಪೇನಿಲ್ಲ. ನಮ್ಮಲ್ಲಿ ಈರುಳ್ಳಿ ಹೆಚ್ಚಬೇಕು, ಪಾತ್ರೆ ತಿಕ್ಕಬೇಕು. ಅಲ್ಲಿ ದುಡ್ಡು ಕೊಟ್ಟರೆ ಆಯಿತು.

ಮುಚ್ಚುವ ಕೆಲಸಕ್ಕೆ ಬರುತ್ತೇನೆ.

ಆಡಿಟರ್ ಮೊದಲು ಹೇಳಿದ್ದು: ನೋಂದಾಯಿತ ಸಂಘ ವಿಸರ್ಜನೆಯಾಗಬೇಕಾದರೆ ಅದಕ್ಕೆಂದೇ ಕರೆದ ಸರ್ವಸದಸ್ಯರ ಸಭೆಯಲ್ಲಿ ಒಟ್ಟು ಸದಸ್ಯರ ಐದರಲ್ಲಿ ಮೂರು ಭಾಗ ಒಪ್ಪಬೇಕು. ಸಭೆಗೆ ಬಂದವರಲ್ಲಿ ಅಲ್ಲ, ಪಟ್ಟಿಯಲ್ಲಿ ಇರುವವರಲ್ಲಿ. ನಮ್ಮ ಪಟ್ಟಿಯಲ್ಲಿ 212 ಹೆಸರು. ಅಂದರೆ 128 ಜನ ಬೇಕು. ಸಭೆಗೆ ಬರುವವರು 9. ರೇಂಜರ್ ಸರ್ ಮಾತಿನ ಎರಡನೇ ಅರ್ಧ ಆಗ ಅರ್ಥವಾಯಿತು.

ಹಾಗಾಗಿ ಮೊದಲು ಪಟ್ಟಿ ತೊಳೆಯಬೇಕಿತ್ತು. ವಾರ್ಷಿಕ ಸದಸ್ಯರು 126 ಜನ, ಅವರಲ್ಲಿ ಚಂದಾ ಕಟ್ಟಿದ್ದವರು 9. ಬಾಕಿ ಇಟ್ಟುಕೊಂಡವರನ್ನು ನಮ್ಮ ನಿಯಮಾವಳಿಯ ಪ್ರಕಾರ ಮತದ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಆದರೂ ಎಲ್ಲರಿಗೂ ನೋಟೀಸು ಕಳಿಸಿದೆ, ಹೇಳದೆ ಹೆಸರು ಹೊಡೆದರೆಂದು ನಾಳೆ ಮದುವೆ ಮನೆಯಲ್ಲಿ ಸಿಕ್ಕಾಗ ಮುಖ ತಿರುಗಿಸುವವರು ಇದೇ ಊರಿನವರಲ್ಲವೇ. ತಲೆನೋವು ಆಜೀವ ಸದಸ್ಯರದ್ದು. 2006ರಲ್ಲಿ ಡೇರೆ ಕೊಳ್ಳಲು ಹಣ ಬೇಕಾಗಿ, ತಲಾ 500 ರೂಪಾಯಿಗೆ 86 ಜನರನ್ನು ಆಜೀವ ಸದಸ್ಯರನ್ನಾಗಿ ಮಾಡಿಕೊಂಡಿದ್ದೆವು. ಅವರಿಗೆ ಬಾಕಿ ಅನ್ನುವುದೇ ಇಲ್ಲ, ಬದುಕಿರುವವರೆಗೂ ಲೆಕ್ಕದಲ್ಲಿ ಇರುತ್ತಾರೆ. ಏಳು ಜನ ತೀರಿಕೊಂಡಿದ್ದರು. ಉಳಿದ 79 ಮತ್ತು ವಾರ್ಷಿಕ 9 ಸೇರಿ 88. ಅದರಲ್ಲಿ 53 ಮತ ಬೇಕು.

ಈಗ ಸಂಘ ಕಟ್ಟುವವರಿಗೆ ನನ್ನದೊಂದು ಮಾತು: ಆಜೀವ ಸದಸ್ಯತ್ವ ಮಾರಬೇಡಿ. ಡೇರೆ ಹತ್ತು ವರ್ಷಕ್ಕೆ ಹರಿಯುತ್ತದೆ, ಆಜೀವ ಸದಸ್ಯ ನ್ಯೂಜೆರ್ಸಿಯಲ್ಲಿ ಕೂತು ಫೋನ್ ಎತ್ತುವುದಿಲ್ಲ.

ಮೂರು ತಿಂಗಳು ಅವರನ್ನು ಹುಡುಕಿದೆ. ಕಾಲೇಜಿನ ಹಳೆ ಹಾಜರಿ, ಅಡಿಕೆ ಮಂಡಿಯಲ್ಲಿ ಕೂರುವ ಸೋದರಮಾವ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ, ಎಲ್ಲ ಕಡೆ ಕೇಳಿದೆ. ಒಬ್ಬ ಸಿಕ್ಕಿದ್ದು ನಮ್ಮ ಮನೆಯ ಹಿಂದಿನ ಬೀದಿಯಲ್ಲೇ, ಹೆಸರು ಮಾತ್ರ ನೆನಪಿತ್ತು, ಮುಖ ಮರೆತಿದ್ದೆ. ಬೆಂಗಳೂರು, ಪುಣೆ, ಡಲ್ಲಾಸ್‌ನಲ್ಲಿ ಇದ್ದವರಿಂದ ಬದಲಿ ಮತಪತ್ರ ತರಿಸಿಕೊಂಡೆ. ನಮ್ಮ ನಿಯಮಾವಳಿ ಬರೆದ ಪುಣ್ಯಾತ್ಮರು ಅದಕ್ಕೆ ಅವಕಾಶ ಇಟ್ಟಿದ್ದರು. ಫೋನಿನಲ್ಲಿ ಎಲ್ಲರೂ ಮೊದಲು ಕೇಳಿದ್ದು ಒಂದೇ, "ಅಯ್ಯೋ, ಯಾಕೆ ಮುಚ್ತೀರಿ?" ನಾನು ಕೇಳುತ್ತಿದ್ದೆ, "ಕೊನೇ ಸಲ ಯಾವಾಗ ಬಂದಿದ್ರಿ?" ಆಮೇಲೆ ಹಾಗೆ ಕೇಳುವುದನ್ನು ಬಿಟ್ಟೆ. ಅವರು ಬರದಿದ್ದರೂ ಬಳಗ ಇರುತ್ತದೆ ಎಂಬ ನೆಮ್ಮದಿಯನ್ನು ಅವರು 500 ರೂಪಾಯಿಗೆ ಕೊಂಡಿದ್ದರು. ಅದನ್ನು ಕಿತ್ತುಕೊಳ್ಳುವಾಗ ಚುಚ್ಚುವುದೂ ಯಾಕೆ?

ಒಬ್ಬರು ಆ 500 ವಾಪಸು ಕೇಳಿದರು, ಬಡ್ಡಿ ಬಿಟ್ಟು. ಕೊಡುವ ಹಾಗಿಲ್ಲ. ವಿಸರ್ಜನೆಯಾದ ಸಂಘದಲ್ಲಿ ಉಳಿದದ್ದು ಏನೇ ಇರಲಿ, ಸದಸ್ಯರಿಗೆ ಒಂದು ಪೈಸೆ ಹಂಚುವಂತಿಲ್ಲ. ಇನ್ನೊಂದು ಸಂಘಕ್ಕೆ ಕೊಡಬೇಕು. ವಿವರಿಸಿದೆ. "ಹಾಗಾದ್ರೆ ನನ್ನ ಮತ ಇಲ್ಲ" ಅಂದು ಫೋನ್ ಇಟ್ಟರು.

ಇದರ ಜೊತೆಗೆ ಇನ್ನೊಂದು ಕೆಲಸ. ನಾಲ್ಕು ವರ್ಷದಿಂದ ನೋಂದಣಿ ಕಚೇರಿಗೆ ಲೆಕ್ಕಪತ್ರವನ್ನೂ ಆಡಳಿತ ಮಂಡಳಿಯ ಪಟ್ಟಿಯನ್ನೂ ನಾವು ಸಲ್ಲಿಸಿರಲಿಲ್ಲ. ತಪ್ಪು ನನ್ನದೇ. ಅದನ್ನೆಲ್ಲ ದಂಡ ಕಟ್ಟಿ ಸರಿ ಮಾಡಿದ ಮೇಲೇ ಮುಚ್ಚುವ ಮಾತು. ಸತ್ತೆವು ಅಂತ ಹೇಳುವ ಮೊದಲು, ಇಷ್ಟು ದಿನ ಬದುಕಿದ್ದೆವು ಅಂತ ತೋರಿಸಬೇಕಲ್ಲ. ಬ್ಯಾಂಕಿನಲ್ಲಿ ಎರಡು ವರ್ಷ ವಹಿವಾಟೇ ಇಲ್ಲದ ಖಾತೆ ನಿಷ್ಕ್ರಿಯವಾಗಿತ್ತು. ಸಹಿ ಮಾಡುವ ಮೂವರಲ್ಲಿ ಒಬ್ಬರು ತೀರಿಕೊಂಡಿದ್ದರು, ಒಬ್ಬರು ಮಗನ ಜೊತೆ ಹೊಸೂರಿನಲ್ಲಿ. ಮುಚ್ಚುವುದಕ್ಕಾಗಿ ಖಾತೆಯನ್ನು ಮೊದಲು ಎಬ್ಬಿಸಿ, ಹೊಸ ಸಹಿ ಸೇರಿಸಿ, ಗುರುತಿನ ಕಾಗದ ಕೊಟ್ಟು, ಕೊನೆಗೆ ಮುಚ್ಚಬೇಕು. ಬ್ಯಾಂಕಿನ ಹುಡುಗಿ ನನ್ನ ಹಳೆ ವಿದ್ಯಾರ್ಥಿನಿ. ಅವಳೂ ಏನೂ ಕಡಿಮೆ ಮಾಡಲಿಲ್ಲ, "ಮೇಡಂ, ನೀವೇ ಅಲ್ವಾ ಕ್ಲಾಸಲ್ಲಿ ರೂಲ್ ಅಂದ್ರೆ ರೂಲ್ ಅಂತಿದ್ದಿದ್ದು" ಅಂದಳು.

2024ರ ಜನವರಿ 21, ಭಾನುವಾರ. ಖುದ್ದು ಬಂದವರು 34, ಬದಲಿ ಮತ 23. ವಿಸರ್ಜನೆಗೆ ಒಪ್ಪಿಗೆ 54, ವಿರೋಧ 3. ಬೇಕಾದದ್ದಕ್ಕಿಂತ ಒಂದೇ ಒಂದು ಹೆಚ್ಚು. ಆ ಒಂದು ಮತ ಹಿಂದಿನ ಬೀದಿಯವರದ್ದು ಅಂತ ನಾನು ಅಂದುಕೊಂಡಿದ್ದೇನೆ. ಸಭೆಯಲ್ಲಿ ಭಾಷಣ ಬೇಡ ಅಂತ ಮೊದಲೇ ಹೇಳಿದ್ದೆ, ಆದರೂ ಮೂವರು ಮಾಡಿದರು. ಊಟಕ್ಕೆ ಚಿತ್ರಾನ್ನ, ಕೋಸಂಬರಿ, ಮಜ್ಜಿಗೆ; ಈರುಳ್ಳಿ ಹೆಚ್ಚಿದ್ದು ನಾವೇ.

ಮುಂದಿನ ವಾರ ಗಣರಾಜ್ಯೋತ್ಸವದ ಸಾಲು ರಜೆ. ಕುಮಾರಪರ್ವತದ ಏರಿನಲ್ಲಿ ಸಾವಿರಾರು ಜನ ಸಂತೆಯ ಹಾಗೆ ಸಾಲುಗಟ್ಟಿ ನಿಂತ ವಿಡಿಯೊ ಎಲ್ಲರ ಫೋನಿಗೂ ಬಂತು. ಅದಾದ ಮೇಲೇ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ನಿಲ್ಲಿಸಿದ್ದು. 2001ರಲ್ಲಿ ಆರು ಜನ ಸಿಗುವುದು ಕಷ್ಟವಿದ್ದ ನಾಡಿನಲ್ಲಿ ಈಗ ಬೆಟ್ಟಕ್ಕೇ ಜಾಗ ಸಾಲದು. ನಮ್ಮದು ಜನರಿಲ್ಲದೆ ಮುಚ್ಚಿದ್ದು. ಇದನ್ನು ಯಾರಿಗೆ ಹೇಳಿ ನಗಲಿ?

ಸಾಮಾನು ಉಳಿದಿತ್ತು. ಹನ್ನೊಂದು ಡೇರೆಗಳಲ್ಲಿ ಆರು ಮಾತ್ರ ನೆಟ್ಟಗಿದ್ದವು, ಉಳಿದವುಗಳ ಒಳಗಿನ ಲೇಪ ಅಂಟು ಅಂಟಾಗಿ ಉದುರುತ್ತಿತ್ತು. ಮಲೆನಾಡಿನ ಮಳೆಗಾಲದಲ್ಲಿ ಮಡಚಿ ಅಟ್ಟಕ್ಕೆ ಹಾಕಿದರೆ ಇನ್ನೇನಾಗುತ್ತದೆ. ಆರು ಡೇರೆ, ಪಾತ್ರೆ, ಮಲಗುವ ಚೀಲ, ಬ್ಯಾಂಕಿನಲ್ಲಿ ಉಳಿದಿದ್ದ 96,400 ರೂಪಾಯಿ, ಎಲ್ಲವೂ ಶಾಲೆ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಜಿಲ್ಲೆಯ ಇನ್ನೊಂದು ಸಂಘಕ್ಕೆ ಹೋದವು. ಹಗ್ಗ ಮಾತ್ರ ಕೊಡಲಿಲ್ಲ. 2009ರಲ್ಲಿ ಕೊಂಡ ಎರಡು ಹಗ್ಗ ನೋಡುವುದಕ್ಕೆ ಹೊಸದರ ಹಾಗೇ ಇದ್ದವು. ಆದರೆ ಬಳಸದೆ ಇಟ್ಟರೂ ನೈಲಾನ್ ಹಗ್ಗಕ್ಕೆ ಹತ್ತು ವರ್ಷವೇ ಆಯಸ್ಸು ಅಂತ ಅದರ ಜೊತೆ ಬಂದ ಚೀಟಿಯಲ್ಲೇ ಇತ್ತು. ದಾನ ಕೊಟ್ಟರೆ ಯಾವನೋ ಅದನ್ನು ಬಂಡೆಗೆ ಕಟ್ಟುತ್ತಾನೆ. ಆಡಿಟರ್ "ಗುಜರಿ" ಅಂತ ಬರೆದುಕೊಂಡ ಮೇಲೆ, ಯಾರೂ ಅದರಲ್ಲಿ ಇಳಿಯಲಾರದಂತೆ ಒಂದೊಂದು ಮೊಳಕ್ಕೆ ಕತ್ತರಿಸಿ, ತುದಿ ಬಿಚ್ಚಿಕೊಳ್ಳದ ಹಾಗೆ ಲೈಟರಿನಲ್ಲಿ ಸುಟ್ಟೆವು. ಬಂದವರೆಲ್ಲ ಒಂದೊಂದು ತುಂಡು ತೆಗೆದುಕೊಂಡು ಹೋದರು. ರೇಂಜರ್ ಸರ್ ತಮ್ಮದನ್ನು ಗೇಟಿಗೆ ಕಟ್ಟಿದ್ದಾರೆ, ಬೀದಿ ದನ ಒಳಗೆ ಬರದ ಹಾಗೆ.

ನಡಿಗೆಯ ದಾಖಲೆ ಪುಸ್ತಕಗಳು ಐದು. ಎಲ್ಲಿ ನೀರು ಸಿಗುತ್ತದೆ, ಯಾವ ತಿಂಗಳಲ್ಲಿ ಬತ್ತುತ್ತದೆ, ಯಾವ ಕವಲಿನಲ್ಲಿ ಎಡಕ್ಕೆ, ಯಾರ ಮನೆಯ ಜಗಲಿಯಲ್ಲಿ ಮಲಗಿದೆವು ಅಂತೆಲ್ಲ ಇದೆ. ಪುಟಪುಟವೂ ಫೋಟೊ ತೆಗೆದು ಕೇಳಿದವರಿಗೆ ಕೊಟ್ಟೆ. ತೆಗೆಯುವಾಗ ಹೊಳೆಯಿತು: ಸದಸ್ಯರಿಗೆಲ್ಲ ನೋಟೀಸು ಕಳಿಸಿದ್ದೇನೆ, ಆ ಮನೆಗಳಿಗೆ ಯಾರು ಹೇಳಿದ್ದಾರೆ? ಎಣಿಸಿದರೆ 43 ಮನೆ. ಹೊತ್ತು ಮೀರಿ ಬಂದ ನಮಗೆ ಗಂಜಿ ಕಾಯಿಸಿ ಕೊಟ್ಟವರು, ಒದ್ದೆ ಬಟ್ಟೆ ಒಣಗಿಸುವುದಕ್ಕೆ ಒಲೆ ಬಿಟ್ಟುಕೊಟ್ಟವರು. ಐವತ್ತು ಪೈಸೆಯ ಪೋಸ್ಟ್ ಕಾರ್ಡು ತಂದು ಬರೆದೆ. ಇನ್ನು ಬಳಗದ ಹೆಸರಿನಲ್ಲಿ ಯಾರೂ ಬರುವುದಿಲ್ಲ, ಇಷ್ಟು ವರ್ಷ ನೋಡಿಕೊಂಡಿರಿ, ಋಣ ದೊಡ್ಡದು ಅಂತ. ಇದು ಮೊದಲು ಮಾಡಬೇಕಿದ್ದ ಕೆಲಸ. ನಾನು ಕೊನೆಗೆ ಮಾಡಿದೆ.

ಹನ್ನೊಂದು ಮನೆಯಿಂದ ಉತ್ತರ ಬಂತು. ಕವಲೇದುರ್ಗದ ಬುಡದ ಒಂದು ಮನೆಯಿಂದ ಫೋನು. ಅಜ್ಜಿಗೆ ಈಗ ಎಂಬತ್ತು ದಾಟಿದೆ, ನನ್ನನ್ನು ಈಗಲೂ "ಕೊಲ್ಲೂರಿನ ತಂಗಿ" ಅಂತಲೇ ಕರೆಯುವುದು.

"ಮುಚ್ಚಿದ್ರಂತೆ. ಆಯ್ತು ಬಿಡು. ನಿಮ್ದೊಂದು ತಾಮ್ರದ ಹಂಡೆ ನಮ್ಮ ಅಟ್ಟದ ಮೇಲದೆ, ಯಾವಾಗ ತಗಂಡ್ ಹೋಗ್ತೀರಿ?"

2008ರ ಶಿಬಿರದಲ್ಲಿ ನಲವತ್ತು ಜನರ ಅಡುಗೆಗೆ ಒಯ್ದ ಹಂಡೆ. ವಾಪಸು ಹೊರಲಾರದೆ ಅಲ್ಲೇ ಬಿಟ್ಟು ಬಂದಿದ್ದೆವು. ಆಸ್ತಿ ಪಟ್ಟಿಯಲ್ಲಿ ಅದು ಇಲ್ಲ. ಆಡಿಟ್ ಮುಗಿದು, ಪಟ್ಟಿಗೆ ಮುದ್ರೆ ಬಿದ್ದು, ಸಂಘವೇ ಇಲ್ಲವಾಗಿ ಆಗಲೇ ಎರಡು ತಿಂಗಳಾಗಿತ್ತು. ಆಡಿಟರಿಗೆ ಹೇಳಿದೆ. ಅವರು ಸುಮಾರು ಹೊತ್ತು ಸುಮ್ಮನಿದ್ದು, "ಮೇಡಂ, ಈ ಫೋನ್ ನೀವು ಮಾಡಲೇ ಇಲ್ಲ" ಅಂದರು.

ಅಜ್ಜಿಗೆ ಮತ್ತೆ ಫೋನ್ ಮಾಡಿ, ಅಲ್ಲೇ ಇರಲಿ ಅಂದೆ. "ಇರ್ಲಿ ಹಂಗಾರೆ. ಮೊಮ್ಮಗಳು ಬಾಣಂತನಕ್ಕೆ ಬರ್ತಾಳೆ, ನೀರು ಕಾಸಕ್ಕೆ ಆಗ್ತದೆ" ಅಂದರು.